ಚಾಚಿ ಕಲಿತ ಕನ್ನಡ

ಹೋದ ವಾರ ನಮ್ಮ ಭಾಗ್ಯನಗರದ ಓಣಿಗೆ ಗಾದಿ ಹೊಲಿಯುವವರ ಟೆಂಪೊ ಬಂದಿತ್ತು. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಯಂತ್ರದಲ್ಲಿ ಹಿಂಜಿ, ಅಲ್ಲೇ ರಸ್ತೆಯ ಮೇಲೆ ಮತ್ತೆ ತುಂಬಿ ಹೊಲಿದು ಕೊಡುತ್ತಾರೆ. ಅತ್ತಿಗೆ ಮನೆಯ ಗಾದಿಗಳನ್ನು ಹೊರಗೆ ಹಾಕಿದ್ದಳು. ನಾನು ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಗಾದಿಯ ಹೊಲಿಗೆ ಬಿಚ್ಚಿದ ಕೂಡಲೇ ಆ ವಾಸನೆ ಒಳಗೆ ಬಂತು. ವರ್ಷಗಟ್ಟಲೆಯ ಬೆವರು, ಧೂಳು, ಬಿಸಿಲು, ಅದರ ಕೆಳಗೆ ಎಲ್ಲೋ ಇನ್ನೂ ಉಳಿದುಕೊಂಡಿದ್ದ ಹತ್ತಿ. ಅರಳೆಯ ಎಳೆಗಳು ಹಾರಿ ಬಂದು ಕೀಬೋರ್ಡಿನ ಮೇಲೆ ಕೂತವು. ಕಿಟಕಿ ಮುಚ್ಚಬೇಕೆಂದು ಎದ್ದವಳು ಮುಚ್ಚದೆ ಹಾಗೆಯೇ ನಿಂತೆ.

ಈ ವಾಸನೆಯ ಬಗ್ಗೆ ನನಗೆ ಹೇಳಿದವರು ಚಾಚಾ. ಹೇಳಿದ್ದು ಇಲ್ಲಲ್ಲ, ಸಮುದ್ರದಾಚೆ, ಮಲೇಷ್ಯಾದ ಪೆನಾಂಗ್ ಎಂಬ ಊರಿನಲ್ಲಿ…

ನಾನು ಅಲ್ಲಿಗೆ ಹೋದದ್ದು ಏನನ್ನೋ ಸಾಧಿಸಲಿಕ್ಕೆ ಅಲ್ಲ. ಇಲ್ಲಿ ಸಾಕಾಗಿತ್ತು, ಹೋದೆ. ಮದುವೆ ಮುರಿದು ಅಣ್ಣನ ಮನೆಗೆ ಬಂದ ಮೇಲೆ ಸಾಣಾಪುರದ ಕೆರೆಯ ಹತ್ತಿರ ಒಂದು ವಸತಿಗೃಹದಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಹಂಪಿ ನೋಡಲು ಬಂದ ಪರದೇಶದವರಲ್ಲಿ ಕೆಲವರು ತಿಂಗಳುಗಟ್ಟಲೆ ಅಲ್ಲೇ ಉಳಿದು, ಬಂಡೆಯ ನೆರಳಿನಲ್ಲಿ ಕೂತು ತಮ್ಮ ಆಫೀಸಿನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬಾಕೆ ತನ್ನ ಕಂಪನಿಯಲ್ಲಿ ನನಗೂ ಒಂದು ಕೆಲಸ ಕೊಡಿಸಿದಳು. ಪ್ರವಾಸಿಗರ ದೂರುಗಳಿಗೆ ಉತ್ತರ ಬರೆಯುವ ಕೆಲಸ. ಎಲ್ಲಿ ಬೇಕಾದರೂ ಕೂತು ಮಾಡಬಹುದು. ಮೊದಲು ಅಣ್ಣನ ಮನೆಯಲ್ಲೇ ಕೂತು ಮಾಡಿದೆ. ಆದರೆ ಮನೆಗೆ ಬಂದವರೆಲ್ಲ ಚಹಾ ಕುಡಿದು ಬಟ್ಟಲು ಕೆಳಗಿಡುವ ಮೊದಲು, "ಮತ್ತ, ಮುಂದ ಏನ್ ವಿಚಾರ ಮಾಡೀಯವ್ವಾ?" ಎಂದು ಕೇಳುತ್ತಿದ್ದರು. ಕೇಳುವವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದಕ್ಕೇ ಇನ್ನಷ್ಟು ದಣಿವಾಗುತ್ತಿತ್ತು.

ದೂರದಿಂದ ಕೆಲಸ ಮಾಡುವವರಿಗೆ ಮಲೇಷ್ಯಾದವರು ಒಂದು ಪರವಾನಗಿ ಕೊಡುತ್ತಾರೆಂದು ಅದೇ ಗೆಳತಿ ಹೇಳಿದಳು. ಅಣ್ಣ ಬೇಡವೆನ್ನಲಿಲ್ಲ. "ಹೋಗಿ ಬಾ. ಸಾಕಾತಂದ್ರ ಬಂದ್ಬಿಡು, ಮನಿ ಎಲ್ಲೂ ಹೋಗಂಗಿಲ್ಲ" ಅಂದ.

ಪೆನಾಂಗಿನಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತ ಒಂದು ಹಳೆಯ ಓಣಿಗೆ ಹೋಗಿದ್ದೆ. ಎತ್ತರದ ಕಟ್ಟಡಗಳ ನಡುವೆ ಮರದ ಹಲಗೆಯ ಮನೆಗಳು ನಾಲ್ಕಾರು ಉಳಿದುಕೊಂಡಿದ್ದ ಓಣಿ. ಒಂದು ಮನೆಯ ಮುಂದೆ ನಿಂತು ಅಣ್ಣನಿಗೆ ಫೋನಿನಲ್ಲಿ, "ಹೂಂ, ಮುಟ್ಟೀನಿ. ಮನಿ ನೋಡಾಕ ಬಂದೀನಿ. ಛಲೋ ಐತಿ, ನೀ ಚಿಂತಿ ಮಾಡಬ್ಯಾಡ" ಅನ್ನುತ್ತಿದ್ದೆ. ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ಚೌಕಳಿ ಲುಂಗಿ, ಬನಿಯನ್, ತಲೆಯ ಮೇಲೆ ಬಿಳಿ ಟೋಪಿ. ಕೈಯಲ್ಲಿದ್ದ ಚಹಾವನ್ನು ಅವರು ನಿಧಾನ ಕೆಳಗಿಟ್ಟರು.

"ಯಾವೂರವ್ವಾ ನಿಂದು?"

ಆ ಮಾತು ಫೋನಿನೊಳಗಿಂದ ಬಂತೆಂದೇ ಒಂದು ಕ್ಷಣ ಅಂದುಕೊಂಡೆ.

"ಕೊಪ್ಪಳ ರೀ."

"ಕೊಪ್ಪಳದಾಗ ಎಲ್ಲಿ?"

"ಭಾಗ್ಯನಗರ."

"ನೇಕಾರ ಮಂದಿಯೇನು?"

"ಹೌದ್ರಿ."

ಅವರು ತಲೆಯಾಡಿಸಿದರು. "ನಂದು ಗಂಗಾವತಿ" ಅಂದರು. ಕೋಣೆ ತೋರಿಸಲು ಬೀಗದ ಕೈ ಹಿಡಿದು ಬಂದಿದ್ದ ಅವರ ಮಲಯ ಹೆಂಡತಿ ಬಾಗಿಲಲ್ಲೇ ನಿಂತು ಗಂಡನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ಗಂಡ ತಮಗೆ ತಿಳಿಯದ ಭಾಷೆಯೊಂದನ್ನು ಅಷ್ಟು ಸಲೀಸಾಗಿ ಆಡಿದ್ದನ್ನು ಅವರು ಕೇಳಿದ್ದು ಅದೇ ಮೊದಲಂತೆ. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಮಹಡಿಯ ಮೇಲಿನ ಕೋಣೆ ನನ್ನದಾಯಿತು. ಅವರು ಚಾಚಾ ಆದರು. ಅವರ ಹೆಂಡತಿಯನ್ನು ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ, "ನಾ ಚಾಚಾ ಆದ ಮ್ಯಾಲ ಆಕಿ ಚಾಚಿನs ಅಲ್ಲೇನವ್ವಾ" ಅಂದರು.

ಚಾಚಾ ಪಿಂಜಾರರ ಮನೆತನದವರು. ಮನೆಯಲ್ಲೂ ಕನ್ನಡವೇ ಆಡುತ್ತಿದ್ದವರು. ಅವರಪ್ಪ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನು ತಿರುಗಿ ಗಾದಿ ಮಾಡಿಕೊಡುತ್ತಿದ್ದರಂತೆ. ಅಪ್ಪ ವಾರದ ಮೇಲೆ ಮನೆಗೆ ಬಂದಾಗ ಮೈಯಿಂದ ಊರೂರಿನ ಹಳೆಯ ಗಾದಿಗಳ ವಾಸನೆ ಬರುತ್ತಿತ್ತು ಎಂದು ಚಾಚಾ ಹೇಳುತ್ತಿದ್ದರು. ತಾವು ಮಾತ್ರ ಆ ಕಸುಬು ಹಿಡಿಯದೆ ಗಂಗಾವತಿಯ ಅಕ್ಕಿ ಗಿರಣಿ ಸೇರಿದರು. ಯಂತ್ರ ಕೂಡಿಸುವುದನ್ನು ಕಲಿತರು. ಮಲೇಷ್ಯಾದ ಭತ್ತದ ಸೀಮೆಯಲ್ಲಿ ಹೊಸ ಗಿರಣಿ ಕೂಡಿಸಲು ನಮ್ಮ ಕಡೆಯಿಂದ ಒಂದು ತಂಡ ಹೊರಟಾಗ ಅವರೂ ಹೊರಟರು. ಆರು ತಿಂಗಳ ಕೆಲಸ. ಉಳಿದವರೆಲ್ಲ ವಾಪಸು ಬಂದರು. ಚಾಚಾ ಬರಲಿಲ್ಲ.

"ತಂಗಿ ಲಗ್ನಕ್ಕ ಬಂದ ಬರತೀನಿ ಅಂತ ಅವ್ವಗ ಹೇಳಿ ಬಂದಾಂವ, ಇಲ್ಲಿ ನಂದs ಲಗ್ನ ಮಾಡ್ಕೊಂಡ್ ಕುಂತೆ ನೋಡು" ಎಂದು ಒಂದು ಬೆಳಿಗ್ಗೆ ಹೇಳಿದರು. ಹೇಳುವಾಗ ನಗುತ್ತಿದ್ದರು. ಮುಂದಿನದನ್ನು ಹೇಳುವಾಗ ನಗಲಿಲ್ಲ. ಮಾರನೆಯ ವರ್ಷ ಊರಿಗೆ ಹೋದರಂತೆ. ತಾಯಿ ಗೋಡೆಯ ಕಡೆ ಮುಖ ಮಾಡಿ ಕೂತವಳು ತಿರುಗಲಿಲ್ಲ. ಒಂದು ಮಾತೂ ಆಡಲಿಲ್ಲ. ಇಡೀ ದಿನ ಅವಳ ಬೆನ್ನ ಹಿಂದೆ ಕೂತಿದ್ದು, ಸಂಜೆ ಎದ್ದು ಬಂದರು. ಆಮೇಲೆ ಅವಳು ತೀರಿಕೊಂಡ ಸುದ್ದಿ ಬಂತು, ಅದೂ ತಿಂಗಳು ತಡವಾಗಿ. "ಮತ್ತ ಹೋಗ್ಲಿಲ್ಲವ್ವಾ. ಯಾವ ಮುಖ ಇಟ್ಕೊಂಡ್ ಹೋಗ್ಲಿ?"

ನಿಜ ಹೇಳಬೇಕೆಂದರೆ, ಮೊದಮೊದಲು ನನಗೆ ಅವರ ಮಾತು ಬೇಡವಾಗಿತ್ತು. ಯಾರೂ ನನ್ನನ್ನು ಅರಿಯದ ಊರು ಬೇಕೆಂದು ಅಷ್ಟು ದೂರ ಹೋದರೆ ಅಲ್ಲಿಯೂ ನಮ್ಮೂರು ಕುರ್ಚಿ ಹಾಕಿಕೊಂಡು ಕೂತಿತ್ತಲ್ಲ ಎನ್ನಿಸಿತ್ತು. ಆದರೆ ಚಾಚಾ ಒಂದು ದಿನವೂ ನೀನು ಯಾಕೆ ಒಬ್ಬಳೇ ಬಂದೆ ಎಂದು ಕೇಳಲಿಲ್ಲ. ಅವರು ಕೇಳುತ್ತಿದ್ದುದು ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ಈಗ ಯಾವಾಗ ನೀರು ಬಿಡುತ್ತಾರೆ, ವಿರೂಪಾಪುರಗಡ್ಡೆಗೆ ಇನ್ನೂ ಹರಿಗೋಲಿನಲ್ಲೇ ಹೋಗುತ್ತಾರೋ, ಮಿರ್ಚಿ ಜೊತೆ ಮಂಡಕ್ಕಿ ಈಗಲೂ ಕಾಗದದಲ್ಲೇ ಕಟ್ಟಿ ಕೊಡುತ್ತಾರೋ… ಗೊತ್ತಿದ್ದಷ್ಟು ಹೇಳುತ್ತಿದ್ದೆ. ಅವರ ಕನ್ನಡ ಹೊರಟ ವರ್ಷದಲ್ಲೇ ನಿಂತಿತ್ತು. ನಮ್ಮ ಹಿರಿಯರು ಆಡಿ ಈಗ ಯಾರೂ ಆಡದ ಮಾತುಗಳು ಅವರ ಬಾಯಲ್ಲಿ ಹೊಸದಾಗಿಯೇ ಇದ್ದವು.

ನನ್ನ ಕೆಲಸ ಅಲ್ಲಿನ ಮಧ್ಯಾಹ್ನದ ಮೇಲೆ ಶುರುವಾಗುತ್ತಿತ್ತು. ದೂರು ಕೊಡುವವರೆಲ್ಲ ಯುರೋಪಿನಲ್ಲಿ ಆಗ ಏಳುತ್ತಿದ್ದರು. ಕೋಣೆಯಿಂದ ಸಮುದ್ರ ಕಾಣಲಿಲ್ಲ, ಪಕ್ಕದ ಕೋಣೆಯ ಮಗು ಅತ್ತಿತು, ತಿಂಡಿಯಲ್ಲಿ ಹಣ್ಣು ಕಡಿಮೆ ಇತ್ತು… ಒಂದೊಂದಕ್ಕೂ ವಿಷಾದ ಬರೆಯಬೇಕು. ನಾನು ನೋಡದ ಊರುಗಳಲ್ಲಿ ನಾನು ಮಾಡದ ತಪ್ಪುಗಳಿಗೆ ದಿನವೂ ಕ್ಷಮೆ ಕೇಳುತ್ತಿದ್ದೆ. ಸಂಜೆಯ ಮಳೆ ತಗಡಿನ ಮೇಲೆ ಬಿದ್ದರೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಮಾತೂ ಕೇಳುತ್ತಿರಲಿಲ್ಲ. ಬಟ್ಟೆ ಒಣಗುತ್ತಿರಲಿಲ್ಲ. ಚಪ್ಪಲಿಯ ಮೇಲೆ ಬೂಸು ಬೆಳೆಯುತ್ತಿತ್ತು. ಕೊಪ್ಪಳದ ಒಣ ಬಿಸಿಲಿನಲ್ಲಿ ಬೆಳೆದ ಮೈ ಆ ಹಸಿ ಸೆಕೆಗೆ ಎಂದೂ ಒಗ್ಗಲಿಲ್ಲ. ಊರು ಚೆಂದದ್ದೇ. ಜನ ಎಲ್ಲೆಲ್ಲಿಂದಲೋ ಬಂದು ಅಲ್ಲಿನ ಬೀದಿಗಳ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ನಾನು ನೋಡಿದ್ದು ಮಾತ್ರ ಕಿಟಕಿಯಾಚೆಯ ಒಂದು ರಂಬುಟಾನ್ ಹಣ್ಣಿನ ಗಿಡ, ಅದರ ಕೆಳಗೆ ಚಾಚಿ ಒಣಹಾಕುತ್ತಿದ್ದ ಸೀಗಡಿ, ಮತ್ತು ಬೆಳಗಿನ ಹೊತ್ತು ಚಾಚಾನ ಜೊತೆ ಜಗಲಿ. ಅದೇ ಸಾಕಾಗಿತ್ತು.

ಮಳೆಗಾಲದ ಒಂದು ಬೆಳಿಗ್ಗೆ ಚಾಚಿ ಮೆಟ್ಟಿಲ ಕೆಳಗಿನಿಂದ ಕೂಗಿದರು. ಇಳಿದು ಬಂದಾಗ ಚಾಚಾ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಆಸ್ಪತ್ರೆಗೆ ಸೇರಿಸಿದೆವು. ಲಕ್ವ ಹೊಡೆದಿತ್ತು. ಕೌಲಾಲಂಪುರದಲ್ಲಿ ಕೆಲಸಕ್ಕಿದ್ದ ಮಗಳು ಓಡಿ ಬಂದಳು. ಕೆಲವು ವಾರದ ಮೇಲೆ ಮನೆಗೆ ಕರೆತಂದಾಗ ಬಲಗೈ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೂಕರಾಗಿದ್ದವರ ಬಾಯಿಂದ ಈಗ ಏನೋ ಶಬ್ದ ಬರುತ್ತಿತ್ತು. ಬುದ್ಧಿ ಕಲೆಸಿ ಏನೇನೋ ಬಡಬಡಿಸುತ್ತಿದ್ದಾರೆ ಎಂದು ಮಗಳು ಕಣ್ಣೊರೆಸಿಕೊಂಡಳು. ನಾನು ಮಂಚದ ಹತ್ತಿರ ಹೋದೆ.

"ಯವ್ವಾ, ಇಕಿ ಯಾಕ ಹಿಂಗ ಮಾತಾಡ್ತಾಳ?" ಚಾಚಾ ತಡೆತಡೆದು ಕೇಳಿದರು. ಕಣ್ಣು ಚಾಚಿಯ ಕಡೆಗಿತ್ತು. "ಏನಂತಾಳೋ, ನನಗ ಒಂದೂ ತಿಳಿವಲ್ದು."

ಬಡಬಡಿಕೆಯಲ್ಲ, ಅದು ಅಚ್ಚ ಗಂಗಾವತಿ ಕನ್ನಡ. ಹೋದದ್ದು ಮಲಯ ಭಾಷೆ. ಅಷ್ಟು ವರ್ಷ ಸಂತೆಯಲ್ಲಿ, ಗಿರಣಿಯಲ್ಲಿ, ಹೆಂಡತಿಯೊಂದಿಗೆ, ಮಗಳೊಂದಿಗೆ ಆಡಿದ ಮಾತು ಒಂದೂ ಉಳಿದಿರಲಿಲ್ಲ. ಹೀಗಾಗುವುದುಂಟು, ತಿರುಗಿ ಬಂದರೂ ಬಂದೀತು, ಬರದೆಯೂ ಇದ್ದೀತು ಎಂದು ಡಾಕ್ಟರು ಹೇಳಿದರು. ಚಾಚಾನ ಕಣ್ಣಿಗೆ ಚಾಚಿ ಗುರುತಿದ್ದರು. ಆಕೆ ತನ್ನ ಹೆಂಡತಿ ಎಂದು ಗೊತ್ತಿತ್ತು. ಆಕೆಯ ಮಾತು ಮಾತ್ರ ಪರದೇಶದ್ದಾಗಿತ್ತು.

ಅಂದಿನಿಂದ ನನ್ನ ಬೆಳಗುಗಳು ಅವರಿಬ್ಬರ ನಡುವೆ ಕಳೆದವು. ಚಾಚಾ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕು. ಚಾಚಿ ತಮ್ಮ ತುಂಡು ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಕನ್ನಡಕ್ಕೆ ತರಬೇಕು. ತಲೆದಿಂಬು ಸರಿಮಾಡು, ಫ್ಯಾನ್ ಕಡಿಮೆ ಮಾಡು, ಗಂಜಿಗೆ ಉಪ್ಪಿಲ್ಲ. ಅಷ್ಟೇ ಮಾತುಗಳು. ಆದರೂ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂರುವ ಹೊತ್ತಿಗೆ ನಾಲಿಗೆ ಎತ್ತಲಾರದಷ್ಟು ದಣಿದಿರುತ್ತಿದ್ದೆ. ನಾನು ಮೇಲೆ ಹೋದ ಮೇಲೆ ಕೆಳಗೆ ಇಬ್ಬರೂ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು.

ಚಾಚಾ ದಿನಾ ಬೆಳಿಗ್ಗೆ ಒಂದು ಮಾತನ್ನು ಹೇಳತೊಡಗಿದರು. "ಮನಿಗಿ ಹೋಗೂಣು ನಡಿ." ನನಗಲ್ಲ, ಚಾಚಿಗೆ ಹೇಳುತ್ತಿದ್ದರು. ಏನಂತೆ ಎಂದು ಚಾಚಿ ನನ್ನ ಮುಖ ನೋಡಿದರು. ಹೇಳಲೋ ಬೇಡವೋ ಎಂದು ತಡವರಿಸಿದೆ. ಆ ಮನೆಯ ಒಂದೊಂದು ಹಲಗೆಯನ್ನೂ ಇಬ್ಬರೂ ಕೂಡಿ ಜೋಡಿಸಿದ್ದು. ಅಲ್ಲೇ ಮಗಳು ಹುಟ್ಟಿದ್ದು. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ.

ಚಾಚಿ ಮಡಿಸುತ್ತಿದ್ದ ಲುಂಗಿಯನ್ನು ಪೂರ್ತಿ ಮಡಿಸಿದರು. ಅದನ್ನು ಬದಿಗಿಟ್ಟರು. ಆಮೇಲೆ, ಆ ಮನೆ ಹೇಗಿತ್ತು, ಕೇಳು ಅಂದರು.

ನಾನು ಕೇಳಿದೆ. ಚಾಚಾ ಕಣ್ಣು ಮುಚ್ಚಿಕೊಂಡು ಹೇಳಿದರು. ತಗ್ಗಿನ ಬಾಗಿಲು, ತಲೆ ಬಾಗಿಸದಿದ್ದರೆ ಹಣೆಗೆ ಬಡಿಯುತ್ತದೆ. ಪಡಸಾಲೆಯ ತುಂಬ ಅರಳೆ. ಅವ್ವ ರೊಟ್ಟಿ ಬಡಿಯುವಾಗ ಅರಳೆ ಹಾರಿ ಹಿಟ್ಟಿನಲ್ಲಿ ಬೀಳುತ್ತದೆ, ಅವಳು ಬೈಯುತ್ತಾಳೆ. ಹಿಂದೆ ಬೇವಿನ ಗಿಡ, ಅದಕ್ಕೆ ಕಟ್ಟಿದ ಆಡು. ನಾನು ಒಂದೊಂದನ್ನೂ ಚಾಚಿಗೆ ದಾಟಿಸಿದೆ. ಅಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಮನೆಯನ್ನು ಅವರು ಅಂದು ಮೊದಲ ಸಲ ಕೇಳುತ್ತಿದ್ದರು. ನನಗೆ ಇದನ್ನೆಲ್ಲ ಯಾಕೆ ಹೇಳಿರಲಿಲ್ಲ ಎಂದು ಕೇಳು ಎನ್ನಬಹುದಾಗಿತ್ತು. ಅನ್ನಲಿಲ್ಲ. ಎದ್ದು ಅಡುಗೆಮನೆಗೆ ಹೋದವರು ಬಾಗಿಲಲ್ಲಿ ನಿಂತು ತಿರುಗಿದರು.

ಅವರ ಮಾತು ನನಗೆ ಕಲಿಸು ಅಂದರು.

ಹೀಗೆ ಶುರುವಾಯಿತು. ಅರವತ್ತು ದಾಟಿದ ಹೆಂಗಸು. ಕಾಯಿಪಲ್ಯ ಹೆಚ್ಚುತ್ತ, ಅಕ್ಕಿ ತೊಳೆಯುತ್ತ ಕಲಿತರು. ನಾನು ಹೇಳಬೇಕು, ಅವರು ಹತ್ತಾರು ಸಲ ಅದನ್ನೇ ಗೊಣಗುತ್ತ ಮನೆಯೆಲ್ಲ ಓಡಾಡಬೇಕು. ಮೊದಲಿಗೆ ಬೇಕಾದ ಮಾತುಗಳನ್ನೇ ಕೇಳಿದರು. ನೀರು ಬೇಕಾ. ಎಲ್ಲಿ ನೋವೈತಿ. ಉಂಡ್ರಿ? ಮಲ್ಕೊರಿ. ಇಲ್ಲೇ ಅದೀನಿ. ನಮ್ಮ ಕಡೆ ಹೆಂಡತಿ ಗಂಡನಿಗೆ ಹೇಗೆ ಹೇಳುತ್ತಾಳೋ ಹಾಗೆಯೇ ಕಲಿಸಿದೆ, ‘ರಿ’ ಹಚ್ಚಿ. ‘ಳ’ ಅವರ ನಾಲಿಗೆಗೆ ಬರಲೇ ಇಲ್ಲ. ಮಾತಿನ ಕೊನೆಯನ್ನು ಮಲಯದಂತೆ ಸ್ವಲ್ಪ ಎಳೆಯುತ್ತಿದ್ದರು.

ಒಂದು ಬೆಳಿಗ್ಗೆ ನಾನು ಇಳಿದು ಬರುವ ಮೊದಲೇ ಅವರು ಚಾಚಾನ ಹತ್ತಿರ ಹೋಗಿ ಬಗ್ಗಿ, "ಉಂಡ್ರಿ?" ಎಂದು ಕೇಳಿದರು. ನಾನು ಮೆಟ್ಟಿಲ ಮೇಲಿದ್ದೆ. ಚಾಚಾ ಹೆಂಡತಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ವಾಲಿದ ಬಾಯಲ್ಲೇ ನಕ್ಕರು.

"ನೋಡವ್ವಾ, ಇಕಿಗೆ ಕನ್ನಡ ಬರತೈತಿ. ಇಷ್ಟ ವರ್ಷ ನನಗ ಹೇಳೇ ಇಲ್ಲ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಚಾಚಿ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ ಅಡುಗೆಮನೆಗೆ ಹೋದರು. ಅಲ್ಲಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ನನ್ನ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಂದು ವರ್ಷಕ್ಕೆ ಕೇಳಬಹುದಿತ್ತು, ಆದರೆ ಕಂಪನಿಯವರು ನನ್ನ ಕೆಲಸದ ಹೊತ್ತು ಬದಲಿಸುವವರಿದ್ದರು, ಬೆಳಗುಗಳು ಉಳಿಯುತ್ತಿರಲಿಲ್ಲ. ಮೈಯೂ ಸೋತಿತ್ತು. ಹೋಗುತ್ತೇನೆಂದು ಹೇಳಲು ಎಷ್ಟೋ ದಿನ ಹಿಂಜರಿದೆ. ಹೇಳಿದಾಗ ಚಾಚಿ ಬೇಸರ ಮಾಡಿಕೊಳ್ಳಲಿಲ್ಲ. ಕಲಿತಷ್ಟು ಮಾತು ಸಾಕು, ಇವರು ಈಗ ಕೇಳುವುದೂ ಕಡಿಮೆಯೇ ಎಂದರು. ಚಾಚಾಗೆ ನಾನೇ ಹೇಳಿದೆ.

"ಚಾಚಾ, ನಾ ಊರಿಗೆ ಹೊಂಟೀನ್ರಿ."

"ಗಂಗಾವತಿಗೇನು?"

"ಕೊಪ್ಪಳಕ್ಕ ರೀ. ಗಂಗಾವತಿಗೂ ಹೋಗಿ ಬರತೀನಿ."

"ಹಂಗಾರ ಹಳೇ ಗಿರಣಿ ಹಿಂದ ನಮ್ಮ ಮನಿ ಐತಿ. ಅವ್ವಗ ಹೇಳು…" ಎಂದವರು ಅಲ್ಲಿಗೇ ನಿಂತರು. ಅವ್ವ ಸತ್ತದ್ದೂ ಅವರ ನೆನಪಿನಿಂದ ಹೋಗಿತ್ತೆಂದು ಆಗ ನನಗೆ ತಿಳಿಯಿತು.

ಕೊಪ್ಪಳಕ್ಕೆ ಬಂದು ಒಂದು ವಾರವಾದ ಮೇಲೆ ಗಂಗಾವತಿ ಬಸ್ಸು ಹತ್ತಿದೆ. ಹಳೆಯ ಗಿರಣಿ ಇರಲಿಲ್ಲ, ಅಲ್ಲಿ ಈಗ ಕಲ್ಯಾಣಮಂಟಪ ಇದೆ. ಗಾದಿ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಅವರು ಇನ್ನೊಬ್ಬರನ್ನು ತೋರಿಸಿದರು, ಅವರು ಮತ್ತೊಬ್ಬರನ್ನು. ಕೊನೆಗೆ ಚಾಚಾನ ತಂಗಿಯ ಮನೆ ಸಿಕ್ಕಿತು. ಆಕೆ ಹಲ್ಲಿಲ್ಲದ ಮುದುಕಿ. ಗಂಡ ತೀರಿಹೋಗಿ ಮೊಮ್ಮಗಳ ಜೊತೆ ಇದ್ದರು. ಚೌಕ ಮುಖ, ಕೂಡಿದ ಹುಬ್ಬು, ಚಾಚಾನೇ ಸೀರೆ ಉಟ್ಟು ಕೂತ ಹಾಗೆ. ನಾನು ಎಲ್ಲ ಹೇಳಿದೆ.

"ನನ್ನ ಲಗ್ನಕ್ಕ ಬರತೀನಿ ಅಂದಿದ್ದ" ಅಂದರು ತಂಗಿ. "ಹಂದರದಾಗ ಎಲ್ಲಾರೂ ಹಾದಿ ನೋಡೀವಿ. ನಮ್ಮವ್ವ ಸಾಯೂತನಾ ಅವನ ಹೆಸರ ತಗೀಲಿಲ್ಲ. ಈಗ ಬಂದ ಏನ್ ಹೇಳ್ತಿ ತಾಯೀ?"

ಫೋನಿನಲ್ಲಿ ಮುಖ ನೋಡಿ ಮಾತಾಡಬಹುದು, ಬೇಕಾದರೆ ಹಚ್ಚಿ ಕೊಡುತ್ತೇನೆ ಎಂದೆ. ಬೇಡ ಅಂದರು. ನಾನು ಚಪ್ಪಲಿ ಮೆಟ್ಟುವಾಗ, "ಹಚ್ಚು" ಅಂದರು.

ಆ ಕಡೆ ಚಾಚಿ ಎತ್ತಿಕೊಂಡು ಫೋನನ್ನು ಚಾಚಾನ ಮುಖದ ಮುಂದೆ ಹಿಡಿದರು. ಸಣ್ಣ ಪರದೆಯಲ್ಲಿ ಅವರು ನನಗೆ ನೆನಪಿದ್ದದ್ದಕ್ಕಿಂತ ಸಣ್ಣವರಾಗಿದ್ದರು. ಪರದೆಯಲ್ಲಿ ಕಂಡ ಮುದುಕಿಯನ್ನು ನೋಡಿದರು.

"ಅವ್ವಾ" ಅಂದರು.

ತಂಗಿ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೇ ತಿಳಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಸಿಟ್ಟ ಐತೇನವ್ವಾ?" ಚಾಚಾ ಕೇಳಿದರು. "ಆ ಕಡಿ ಮಾರಿ ಮಾಡಿ ಕುಂತಿ. ಮಾತಾಡವಲ್ಲಿ."

ಮೊಮ್ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಈ ಕಡೀನs ಮಾರಿ ಮಾಡೀನಲ್ಲೋ, ನೋಡು" ಅಂದರು ತಂಗಿ. ದನಿ ಎತ್ತಲಿಲ್ಲ, ಇಳಿಸಲಿಲ್ಲ. "ಯಾ ಸಿಟ್ಟೂ ಇಲ್ಲ ನನ್ನಪ್ಪಾ. ಉಂಡಿಯೇನು?"

"ಹೂಂ" ಅಂದರು ಚಾಚಾ. ಕಣ್ಣು ಮುಚ್ಚಿದರು. ಪರದೆಯಲ್ಲಿ ಚಾಚಿಯ ಕೈ ಬಂದು ಅವರ ಹಣೆಯನ್ನು ಒರೆಸಿತು.

ನಾನು ಹೊರಡುವಾಗ ಆ ಮುದುಕಿ ಬಾಗಿಲವರೆಗೆ ಬಂದರು. "ನಾ ಅವನ ತಂಗಿ ಅಂತ ಅವಗ ಹೇಳಬ್ಯಾಡ" ಅಂದರು. "ನನ್ನ ಸಿಟ್ಟ ಇನ್ನೂ ಹಂಗs ಐತಿ. ಅದು ನನ್ನ ಹಂತ್ಯಾಕs ಇರ್ಲಿ."

ಅದಾಗಿ ಎರಡು ತಿಂಗಳಿಗೆ ಚಾಚಿಯ ಫೋನ್ ಬಂತು. ಹಗಲು ಹೊತ್ತು. ನಾನು ಯಾರದೋ ಕಳೆದುಹೋದ ಸೂಟ್‌ಕೇಸಿಗೆ ವಿಷಾದ ಬರೆಯುತ್ತಿದ್ದೆ. ಎತ್ತಿಕೊಂಡ ಕೂಡಲೇ ಅವರು ಮಾತಾಡಿದರು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅವರ ಕನ್ನಡವೆಲ್ಲ ರೋಗಿಯ ಮಂಚದ ಪಕ್ಕ ಕಲಿತದ್ದು. ಸಾವಿಗೆ ನಾನು ಅವರಿಗೆ ಮಾತು ಕಲಿಸಿರಲಿಲ್ಲ.

"ಮಲ್ಕೊಂಡ್ರು" ಅಂದರು. ಸ್ವಲ್ಪ ತಡೆದು, "ನೀರ ಬ್ಯಾಡ" ಅಂದರು. ಇನ್ನೂ ಸ್ವಲ್ಪ ತಡೆದು, "ನೋವಿಲ್ಲ…"

ನಾನು ಹೂಂ ಎಂದೆ.

ಗಂಗಾವತಿಗೆ ಹೋಗಿ ತಂಗಿಗೆ ಸುದ್ದಿ ಮುಟ್ಟಿಸಿದೆ. ಅವರು ಅಳಲಿಲ್ಲ. ಮಣ್ಣು ಎಲ್ಲಿ ಕೊಟ್ಟರು ಎಂದಷ್ಟೇ ಕೇಳಿದರು. ಅಲ್ಲೇ, ಸಮುದ್ರದ ಹತ್ತಿರದ ಖಬರಸ್ತಾನದಲ್ಲಿ ಎಂದೆ. "ಸೊಸಿ ಛಲೋ ನೋಡ್ಕೊಂಡ್ಳು" ಅಂದರು. ಅತ್ತಿಗೆ ಎನ್ನಬೇಕಾದವರು ಸೊಸೆ ಎಂದದ್ದನ್ನು ನಾನೂ ತಿದ್ದಲಿಲ್ಲ, ಮೊಮ್ಮಗಳೂ ತಿದ್ದಲಿಲ್ಲ. ಹೋದ ಚಳಿಗಾಲದಲ್ಲಿ ಅವರೂ ತೀರಿಕೊಂಡರು.

ನಾನು ಈಗ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಅದೇ ಕೆಲಸ, ಅವೇ ದೂರುಗಳು. ಬಂದವರು ಮುಂದಿನ ವಿಚಾರ ಏನು ಎಂದು ಈಗಲೂ ಕೇಳುತ್ತಾರೆ, ಆದರೆ ನಾನು ನಿಂತು ಉತ್ತರಿಸುವುದಿಲ್ಲ. ಚಾಚಿ ಓಣಿಯ ಮನೆ ಬಿಟ್ಟು ಕೌಲಾಲಂಪುರದಲ್ಲಿ ಮಗಳ ಹತ್ತಿರ ಇದ್ದಾರೆ. ಮೊದಮೊದಲು ಶುಕ್ರವಾರ ಶುಕ್ರವಾರ ಫೋನ್ ಮಾಡುತ್ತಿದ್ದರು. ಕಲಿತ ಮಾತುಗಳನ್ನೆಲ್ಲ ಒಂದಾದ ಮೇಲೊಂದು ನನ್ನ ಮುಂದೆ ಆಡಿ ನೋಡುತ್ತಿದ್ದರು. ಆಮೇಲೆ ಮಾತುಗಳು ಒಂದೊಂದಾಗಿ ಕಡಿಮೆಯಾದವು. ಕೇಳಲು ಯಾರೂ ಇಲ್ಲದ ಮೇಲೆ ಅವು ಅವರ ಹತ್ತಿರ ಯಾಕೆ ಉಳಿದಾವು?

ಗಾದಿಯವರ ಟೆಂಪೊ ಬಂದು ಹೋದ ಸಂಜೆ ನಾನೇ ಅವರಿಗೆ ಫೋನ್ ಮಾಡಿದೆ. ನನ್ನನ್ನು ನೋಡಿ ಖುಷಿಯಾದರು. ಏನೋ ಕನ್ನಡದಲ್ಲಿ ಹೇಳಲು ಹೋದರು, ಸಿಗಲಿಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಿದರು, ಅದೂ ಅರ್ಧಕ್ಕೆ ನಿಂತಿತು. ಆಮೇಲೆ ತಮ್ಮ ಮಲಯ ಮಾತಿಗೆ ಹೊರಳಿದರು. ಹೊರಳಿದ್ದು ಅವರಿಗೆ ಗೊತ್ತಾಗಲಿಲ್ಲವೇನೋ. ನಿಲ್ಲಿಸದೆ ಹೇಳುತ್ತ ಹೋದರು. ನಡುನಡುವೆ ಚಾಚಾನ ಹೆಸರು ಬಂತು. ನನಗೆ ತಿಳಿದದ್ದು ಅದೊಂದೇ. ಕೆಲಸದ ಹೊತ್ತಾಗಿ ಲ್ಯಾಪ್‌ಟಾಪು ಒಂದೇ ಸಮನೆ ಕರೆಯುತ್ತಿತ್ತು. ನಾನು ಫೋನ್ ಇಡಲಿಲ್ಲ. ಅವರಿಬ್ಬರ ನಡುವೆ ಕೂತು ಮಾತು ದಾಟಿಸುತ್ತಿದ್ದವಳು ನಾನು. ಈಗ ಅವರಿಗೂ ನನಗೂ ನಡುವೆ ಕೂರುವವರು ಯಾರೂ ಇರಲಿಲ್ಲ. ಹೂಂ, ಹೂಂ ಎನ್ನುತ್ತ ಅವರು ಮುಗಿಸುವವರೆಗೂ ಕೇಳಿದೆ.